ಸಣ್ಣ ಸಿ.ಎನ್.ಸಿ. ಯಂತ್ರದ ಕಟರುಗಳನ್ನು ಗುರುತಿಸುವುದು ಹೇಗೆ?

ಕುಡುಗೋಲು, ಮಚ್ಚು, ಕೊಡಲಿ, ಬಾಚಿ ಇವೆಲ್ಲವೂ ಕತ್ತರಿಸುವ ಸಾಧನಗಳೇ. ಆದರೂ ರಾಗಿ ಕೊಯ್ಯಲು ಯಾರೂ ಕೊಡಲಿ ಹಿಡಿದು ಹೊರಡುವುದಿಲ್ಲ. ಸೌದೆ ಒಡೆಯಲು ಕುಡುಗೋಲು ಹುಡುಕುವುದಿಲ್ಲ. ಯಾವ ಕೆಲಸಕ್ಕೆ ಯಾವ ಅಲಗು ಎಂಬುದು ಒಕ್ಕಲು ಮನೆಯ ಮಕ್ಕಳಿಗೂ ಗೊತ್ತು. ಆದರೆ ಬೆರಳುದ್ದದ, ನೋಡಲು ಒಂದೇ ತರಹ ಹೊಳೆಯುವ ಹತ್ತು ಕಟರುಗಳನ್ನು ಮುಂದಿಟ್ಟು, ಇದರಲ್ಲಿ ಸಾಗುವಾನಿಗೆ ಯಾವುದು, ಪ್ಲಾಸ್ಟಿಕ್ಕಿಗೆ ಯಾವುದು ಎಂದು ಕೇಳಿದರೆ ಅನುಭವಿಗಳೂ ಒಂದು ಗಳಿಗೆ ತಡವರಿಸುತ್ತಾರೆ. ಈ ಲೇಖನದಲ್ಲಿ ಅಂಥ ಕಟರುಗಳನ್ನು ಗುರುತಿಸುವ ಸುಲಭ ವಿಧಾನಗಳನ್ನು ತಿಳಿಸಲಾಗಿದೆ.

ಹಳ್ಳಿಗೂ ಬಂದ ಯಂತ್ರ

ಸಿ.ಎನ್.ಸಿ. ಎಂದರೆ ಗಣಕಯಂತ್ರದ ಅಂಕಿಗಳ ಆಜ್ಞೆಯಂತೆ ತಾನೇ ಚಲಿಸಿ ಕೆತ್ತುವ, ಕೊರೆಯುವ ಯಂತ್ರ. ಅಂಕಿಗಳಿಂದ ಯಂತ್ರವನ್ನು ನಡೆಸುವ ವಿಧಾನವನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1952 ರಲ್ಲಿ ಪ್ರದರ್ಶಿಸಲಾಯಿತು. ಬಹುಕಾಲ ಇದು ದೊಡ್ಡ ಕಾರ್ಖಾನೆಗಳ ಸ್ವತ್ತಾಗಿಯೇ ಉಳಿದಿತ್ತು. ಈಗ ಮೇಜಿನ ಮೇಲೆ ಇಡಬಹುದಾದ ಸಣ್ಣ ಯಂತ್ರಗಳೂ ದೊರೆಯುತ್ತವೆ. '3018' ಎಂದು ಕರೆಯುವ ಯಂತ್ರದಲ್ಲಿ ಕೆಲಸದ ಜಾಗ ಸುಮಾರು 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ; ಆ ಹೆಸರು ಬಂದಿರುವುದೂ ಅದರಿಂದಲೇ. ಇದಕ್ಕಿಂತ ದೊಡ್ಡ ಚೌಕಟ್ಟಿಗೆ ಬಡಗಿಗಳ ಕೈ ರೌಟರನ್ನು ಕಟ್ಟಿ ನಡೆಸುವ ಯಂತ್ರಗಳೂ ಇವೆ.

ಒಕ್ಕಲುತನದ ಬಿಡುವಿನಲ್ಲಿ ಇಂಥ ಯಂತ್ರ ಒಂದು ಉಪಕಸುಬಿಗೆ ಆಸರೆಯಾಗಬಲ್ಲದು. ಮನೆ, ತೋಟಗಳ ಹೆಸರು ಹಲಗೆ, ದೇವರ ಮನೆಯ ಬಾಗಿಲಿಗೆ ಹೂಬಳ್ಳಿಯ ಕೆತ್ತನೆ, ಜೇನುಪೆಟ್ಟಿಗೆಯ ಬಾಗಿಲುಪಟ್ಟಿ, ಬಿತ್ತನೆ ಯಂತ್ರಕ್ಕೆ ಬೀಜದ ಗಾತ್ರಕ್ಕೆ ತಕ್ಕ ಗುಳಿಗಳಿರುವ ಚಿಕ್ಕ ಪ್ಲಾಸ್ಟಿಕ್ ತಟ್ಟೆ, ಇಂಥವನ್ನು ಮಾಡಿಕೊಳ್ಳಬಹುದು. ಆದರೆ ಯಂತ್ರ ಎಷ್ಟೇ ಬುದ್ಧಿವಂತಿಕೆಯಿಂದ ಚಲಿಸಿದರೂ ಮರವನ್ನು ಕತ್ತರಿಸುವುದು ಅದರ ಮೂತಿಯಲ್ಲಿ ಸಿಕ್ಕಿಸಿದ ಕಟರ್ ಮಾತ್ರ. ತಾನು ಹಿಡಿದಿರುವುದು ಯಾವ ಕಟರ್ ಎಂಬುದು ಯಂತ್ರಕ್ಕೆ ತಿಳಿಯದು. ನೀವು ಗಣಕಯಂತ್ರದಲ್ಲಿ 3 ಮಿ.ಮೀ. ಎಂದು ಬರೆದು 6 ಮಿ.ಮೀ. ಕಟರ್ ಸಿಕ್ಕಿಸಿದರೆ ಅದು ಯಾವ ತಕರಾರೂ ಇಲ್ಲದೆ ನಿಮ್ಮ ಹಲಗೆಯನ್ನು ಹಾಳುಮಾಡುತ್ತದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಯಂತ್ರದ ಜೊತೆಗೆ ಹತ್ತು ಕಟರುಗಳು ಬಂದಿರುತ್ತವೆ. ಪೇಟೆಗೆ ಹೋದಾಗ ಇನ್ನಷ್ಟು ಕೊಳ್ಳಲಾಗುತ್ತದೆ. ಕಾರ್ಖಾನೆಯಿಂದ ಹೊರಬಿದ್ದ ಹಳೆಯ ಕಟರುಗಳು ಗುಜರಿಯಲ್ಲಿ ಅಗ್ಗವಾಗಿ ಸಿಕ್ಕಿದವೆಂದು ಅವೂ ಸೇರುತ್ತವೆ. ಎಲ್ಲವೂ ಒಂದೇ ಡಬ್ಬಿಯಲ್ಲಿ ಬೆರೆಯುತ್ತವೆ. ಒಂದು ದಿನ ಕೈಗೆ ಸಿಕ್ಕ ಕಟರನ್ನು ಹಾಕಿ ಯಂತ್ರ ನಡೆಸಿದಾಗ ಮರ ಸುಟ್ಟ ವಾಸನೆ ಬರುತ್ತದೆ, ಇಲ್ಲವೇ ಕಟರ್ ಮುರಿದು ಚೂರು ಹಾರುತ್ತದೆ. ಆಗ ಯಂತ್ರವೇ ಸರಿಯಿಲ್ಲವೆಂದು ಮೂಲೆಗಿಡುವವರಿದ್ದಾರೆ. ಇದು ಕುಣಿಯಲಾರದವಳು ನೆಲ ಡೊಂಕು ಎಂದಂತೆ. ತಪ್ಪು ಇರುವುದು ಬಹುಪಾಲು ಕಟರಿನ ಆಯ್ಕೆಯಲ್ಲಿ.

ಆದ್ದರಿಂದ ಯಾವ ಕಟರನ್ನಾಗಲಿ ಯಂತ್ರಕ್ಕೆ ಹಾಕುವ ಮೊದಲು ಐದು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಹಿಡಿಯ ದಪ್ಪವೆಷ್ಟು? ತುದಿ ಯಾವ ಆಕಾರದ್ದು? ಹಲ್ಲುಗಳೆಷ್ಟು, ಅವುಗಳ ತಿರುವು ಯಾವ ಕಡೆಗೆ? ಮಾಡಿರುವ ಲೋಹ ಯಾವುದು? ಕತ್ತರಿಸುವ ಅಳತೆ ಎಷ್ಟು? ಈ ಐದಕ್ಕೂ ಉತ್ತರ ದೊರೆಯುವವರೆಗೆ ಕಟರನ್ನು ಯಂತ್ರಕ್ಕೆ ಹಾಕಬಾರದು. ಇದಕ್ಕೆ ಬೇಕಾದ ಸಲಕರಣೆಗಳು ಒಂದು ವರ್ನಿಯರ್ ಕ್ಯಾಲಿಪರ್, ಒಂದು ಭೂತಗನ್ನಡಿ, ಒಂದು ಸಾಧಾರಣ ಡ್ರಿಲ್ ಬಿಟ್ ಮತ್ತು ಬೇಡವಾದ ಹಲಗೆಯ ತುಂಡು, ಇಷ್ಟೇ.

1. ಹಿಡಿಯ ದಪ್ಪ

ಕಟರಿನ ಮೇಲ್ಭಾಗದ ನುಣುಪಾದ ದುಂಡು ಕಂಬಿಯೇ ಅದರ ಹಿಡಿ. ಅಂಗಡಿಯವರು ಇದನ್ನು ಶ್ಯಾಂಕ್ ಎನ್ನುತ್ತಾರೆ. ಸಣ್ಣ ಯಂತ್ರಗಳ ಕಟರುಗಳಲ್ಲಿ ಹೆಚ್ಚಾಗಿ ಕಾಣುವ ದಪ್ಪಗಳು ನಾಲ್ಕು: 3 ಮಿ.ಮೀ., 3.175 ಮಿ.ಮೀ., 6 ಮಿ.ಮೀ. ಮತ್ತು 6.35 ಮಿ.ಮೀ. ಇವುಗಳಲ್ಲಿ 3.175 ಎಂದರೆ ಅಂಗುಲದ ಎಂಟನೆಯ ಒಂದು ಭಾಗ, 6.35 ಎಂದರೆ ಕಾಲು ಅಂಗುಲ. 3018 ಯಂತ್ರದ ಜೊತೆಗೆ ಬರುವವು ಸಾಮಾನ್ಯವಾಗಿ 3.175 ಮಿ.ಮೀ. ಹಿಡಿಯವು.

ಮೂರಕ್ಕೂ 3.175 ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣದು. ಆರಕ್ಕೂ 6.35 ಕ್ಕೂ ಇರುವುದು ಬೆರಳಿಗೆ ತಿಳಿಯದು. ಆದ್ದರಿಂದ ವರ್ನಿಯರಿನಿಂದ ಅಳೆಯಲೇಬೇಕು. ಹಿಡಿಯನ್ನು ಬಿಗಿಹಿಡಿಯುವ, ಸೀಳುಗಳಿರುವ ಉಕ್ಕಿನ ಬಳೆಗೆ ಕಾಲೆಟ್ ಎಂದು ಹೆಸರು. ಕಾಲೆಟ್ಟಿನ ಅಳತೆಯೂ ಹಿಡಿಯ ಅಳತೆಯೂ ಒಂದೇ ಇರತಕ್ಕದ್ದು. ದಪ್ಪ ಹಿಡಿಯನ್ನು ಚಿಕ್ಕ ಕಾಲೆಟ್ಟಿಗೆ ಬಡಿದು ತುರುಕಿದರೆ ಕಾಲೆಟ್ ಕೆಡುತ್ತದೆ. ಸಣ್ಣ ಹಿಡಿಯನ್ನು ದೊಡ್ಡ ಕಾಲೆಟ್ಟಿಗೆ ಹಾಕಿದರೆ ಬಿಗಿಯಾದಂತೆ ಕಂಡರೂ ಹಿಡಿತ ಎಲ್ಲ ಕಡೆ ಸಮನಾಗಿರುವುದಿಲ್ಲ. ಕಟರಿನ ತುದಿ ಓಲಾಡುತ್ತದೆ, ಕೆಲವೊಮ್ಮೆ ಕೆಲಸದ ನಡುವೆ ಕೆಳಗೆ ಜಾರುತ್ತದೆ. ಜಾರಿದ ಕಟರ್ ಹಲಗೆಯನ್ನು ಆಚೆ ಬದಿಯವರೆಗೂ ತೂತುಮಾಡಬಹುದು.

ಕಾಲೆಟ್ ಹಾಕುವ ಕ್ರಮವನ್ನೂ ತಿಳಿದಿರಬೇಕು. ಇ.ಆರ್. 11 ಮಾದರಿಯಲ್ಲಿ ಮೊದಲು ಕಾಲೆಟ್ಟನ್ನು ನಟ್ಟಿನೊಳಗೆ ಕಟಕ್ ಎಂದು ಕೂರುವಂತೆ ಒತ್ತಿ, ಆಮೇಲೆ ಕಟರನ್ನು ತೂರಿಸಿ, ನಟ್ಟನ್ನು ತಿರುಗಿಸಿ ಬಿಗಿಮಾಡಬೇಕು. ಕಾಲೆಟ್ಟನ್ನು ನೇರ ಸ್ಪಿಂಡಲಿಗೆ ಇಟ್ಟು ಮೇಲೆ ನಟ್ಟು ಬಿಗಿದರೆ ಅದು ಸರಿಯಾಗಿ ಕೂರುವುದಿಲ್ಲ. ಒಳಗೆ ಮರದ ಪುಡಿ ಇರದಂತೆ ಪ್ರತಿ ಸಲವೂ ಒರೆಸಿಕೊಳ್ಳಿ.

2. ತುದಿಯ ಆಕಾರ

ಕಟರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅದರ ತುದಿಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿ.

ಚಪ್ಪಟೆ ತುದಿ: ಇದು ಎಂಡ್ ಮಿಲ್. ತಳವೂ ಬದಿಯೂ ಎರಡೂ ಕತ್ತರಿಸುತ್ತವೆ. ಗುಳಿ ತೋಡಲು, ಅಂಚು ಕತ್ತರಿಸಿ ಬಿಡಿಸಲು ಇದೇ ಮುಖ್ಯ ಸಾಧನ. ಚಪ್ಪಟೆ ತಳದಲ್ಲಿ ಎರಡು ಮೊನೆಗಳು ತುಸು ಚಾಚಿ ಮೀನಿನ ಬಾಲದಂತೆ ಕಂಡರೆ ಅದು ಇದೇ ಜಾತಿಯದು. ಹಲಗೆಗೆ ನೇರವಾಗಿ ಇಳಿಯಲು ಅನುಕೂಲವಾದುದು.

ಗುಂಡು ತುದಿ: ಇದಕ್ಕೆ ಬಾಲ್ ನೋಸ್ ಎನ್ನುತ್ತಾರೆ. ಹೂ, ಬಳ್ಳಿ, ದೇವರ ಮೂರ್ತಿಗಳಂಥ ಉಬ್ಬುಕೆತ್ತನೆಗೆ ಬೇಕಾದುದು ಇದು. ಕೆಲವು ತುದಿಯಲ್ಲಿ ಸಣ್ಣ ಗುಂಡು ಇದ್ದು ಮೇಲೆ ಹೋದಂತೆ ದಪ್ಪವಾಗುತ್ತವೆ. ಇಂಥವು ತೆಳು ಮೊನೆಯಿದ್ದರೂ ಬೇಗ ಮುರಿಯುವುದಿಲ್ಲ. ಇವುಗಳ ಡಬ್ಬಿಯ ಮೇಲೆ 'ಆರ್ 1' ಎಂದಿದ್ದರೆ ತುದಿಯ ತ್ರಿಜ್ಯ 1 ಮಿ.ಮೀ., ಅಂದರೆ ವ್ಯಾಸ 2 ಮಿ.ಮೀ. ತ್ರಿಜ್ಯವನ್ನೇ ವ್ಯಾಸವೆಂದು ಗಣಕಯಂತ್ರಕ್ಕೆ ಬರೆಯುವುದು ಸಾಮಾನ್ಯ ತಪ್ಪು.

ಮೊನಚು ತುದಿ: ಇವು 'ವಿ' ಕಟರುಗಳು. ಅಕ್ಷರ ಕೆತ್ತಲು, ಸಣ್ಣ ಗೆರೆ ಎಳೆಯಲು ಬಳಕೆ. ಯಂತ್ರದ ಜೊತೆ ಬರುವ ಚಿಕ್ಕವು ಕಂಬಿಯನ್ನು ಉದ್ದಕ್ಕೆ ಅರ್ಧ ಸೀಳಿ ಮೊನೆ ಮಾಡಿದಂತೆ ಕಾಣುತ್ತವೆ. ಇವುಗಳ ಮೊನೆ ಸುಮಾರು 0.1 ಮಿ.ಮೀ. ಮಾತ್ರ. ಗಟ್ಟಿ ಮರಕ್ಕೆ ಒಂದೇ ಸಲ ಆಳವಾಗಿ ಇಳಿಸಿದರೆ ಮೊನೆ ಮುರಿಯುವುದು ಖಂಡಿತ.

ಜೋಳದ ತೆನೆಯಂಥ ಮೈ: ಮೈಯೆಲ್ಲ ಸಣ್ಣ ಸಣ್ಣ ಕಾಳುಗಳಂತೆ ಹಲ್ಲುಗಳಿದ್ದು ಮುಸುಕಿನ ಜೋಳದ ತೆನೆಯನ್ನು ಹೋಲುವ ಕಟರುಗಳಿವೆ. ಇವು ವಿದ್ಯುತ್ ಉಪಕರಣಗಳ ಗಾಜಿನ ನಾರಿನ ಹಲಗೆಗಳನ್ನು ಕತ್ತರಿಸಲು ಮಾಡಿದವು. ಮರದಲ್ಲಿ ಹಾಕಿದರೆ ಚಕ್ಕೆ ಬರುವುದಿಲ್ಲ, ನುಣ್ಣನೆಯ ಪುಡಿಯಾಗಿ ಹಲ್ಲುಗಳ ನಡುವೆ ಕಟ್ಟಿಕೊಳ್ಳುತ್ತದೆ.

ಡ್ರಿಲ್ ಬಿಟ್: ಎಚ್ಚರಿಕೆಯಿಂದ ಬೇರ್ಪಡಿಸಬೇಕಾದುದು ಇದನ್ನೇ. ಇದರ ತುದಿ ಗುಡಾರದ ಮಾಡಿನಂತೆ ಎರಡು ಕಡೆಗೆ ಇಳಿಜಾರಾಗಿರುತ್ತದೆ. ಸಾಧಾರಣ ಡ್ರಿಲ್‌ಗಳಲ್ಲಿ ಈ ಕೋನ 118 ಅಥವಾ 135 ಡಿಗ್ರಿ. ಡ್ರಿಲ್ ಬೈರಿಗೆಯ ಹಾಗೆ ನೇರ ಕೆಳಗೆ ಮಾತ್ರ ಕೊರೆಯುತ್ತದೆ. ಅದರ ಬದಿ ಕತ್ತರಿಸುವುದಿಲ್ಲ. ವಿದ್ಯುತ್ ಹಲಗೆಗಳ ಸಣ್ಣ ಡ್ರಿಲ್‌ಗಳೂ 3.175 ಮಿ.ಮೀ. ಹಿಡಿಯವೇ ಆಗಿದ್ದು, ಬಣ್ಣದ ಪ್ಲಾಸ್ಟಿಕ್ ಉಂಗುರ ತೊಟ್ಟು ಎಂಡ್ ಮಿಲ್‌ಗಳ ಜೊತೆ ಬೆರೆತುಹೋಗುತ್ತವೆ. ಇವುಗಳನ್ನು ಅಡ್ಡಲಾಗಿ ನಡೆಸಿದ ಕ್ಷಣವೇ ಮುರಿದು ಚೂರು ಸಿಡಿಯುತ್ತದೆ. ಉಂಗುರದ ಬಣ್ಣ ಅಳತೆಯ ಗುರುತಾದರೂ ಎಲ್ಲ ತಯಾರಕರ ಬಣ್ಣಗಳೂ ಒಂದೇ ಅಲ್ಲ. ಬಣ್ಣ ನೋಡಿ ನಿರ್ಧರಿಸಬೇಡಿ, ತುದಿ ನೋಡಿ.

ಚಪ್ಪಟೆ ತುದಿಯ ಎಂಡ್ ಮಿಲ್‌ಗಳಲ್ಲಿ ಇನ್ನೊಂದು ಪರೀಕ್ಷೆ ಉಂಟು. ತಳವನ್ನು ನೇರವಾಗಿ ನೋಡಿ. ಒಂದು ಹಲ್ಲಾದರೂ ನಡುಮಧ್ಯದವರೆಗೆ ಬಂದಿದ್ದರೆ ಆ ಕಟರನ್ನು ಹಲಗೆಗೆ ನೇರ ಇಳಿಸಬಹುದು. ನಡುವೆ ಚಿಕ್ಕ ಗುಳಿಯಿದ್ದು ಹಲ್ಲುಗಳು ಅದರ ಸುತ್ತಲೇ ನಿಂತಿದ್ದರೆ ನೇರ ಇಳಿಸಬಾರದು. ಗುಜರಿಯಿಂದ ಬಂದ ಹಳೆಯ ನಾಲ್ಕು ಹಲ್ಲಿನ ಕಟರುಗಳಲ್ಲಿ ಇಂಥವು ಸಿಗುತ್ತವೆ.

3. ಹಲ್ಲು ಮತ್ತು ತಿರುವು

ತುದಿಯ ಕಡೆಯಿಂದ ನೋಡಿ ಹಲ್ಲುಗಳನ್ನು ಎಣಿಸಿ. ಒಂದು, ಎರಡು, ಮೂರು, ನಾಲ್ಕು ಹಲ್ಲಿನವು ಸಾಮಾನ್ಯ. ಎರಡು ಹಲ್ಲುಗಳ ನಡುವಣ ತೋಡು ಒಂದು ಕಾಲುವೆಯಿದ್ದಂತೆ. ಕತ್ತರಿಸಿದ ಚಕ್ಕೆ ಹೊರಹೋಗುವ ದಾರಿ ಅದು. ಹಲ್ಲು ಹೆಚ್ಚಾದಷ್ಟೂ ಕಾಲುವೆ ಕಿರಿದಾಗುತ್ತದೆ.

ಹಲ್ಲು ಹೆಚ್ಚಿದ್ದರೆ ಕೆಲಸ ಹೆಚ್ಚು ಎಂದು ಎಣಿಸುವುದು ಸಹಜ. ಆದರೆ ಸಣ್ಣ ಯಂತ್ರದಲ್ಲಿ ಇದು ತಲೆಕೆಳಗು. ಲೆಕ್ಕ ಹೀಗಿದೆ: ಸ್ಪಿಂಡಲ್ ನಿಮಿಷಕ್ಕೆ ಸುತ್ತುವ ಸುತ್ತುಗಳು, ಹಲ್ಲುಗಳ ಸಂಖ್ಯೆ, ಒಂದೊಂದು ಹಲ್ಲು ಕೀಳಬೇಕಾದ ಚಕ್ಕೆಯ ದಪ್ಪ, ಈ ಮೂರನ್ನೂ ಗುಣಿಸಿದರೆ ಯಂತ್ರ ಮುಂದೆ ಸಾಗಬೇಕಾದ ವೇಗ ಬರುತ್ತದೆ. ನಿಮಿಷಕ್ಕೆ 10,000 ಸುತ್ತು, ಚಕ್ಕೆಯ ದಪ್ಪ 0.03 ಮಿ.ಮೀ. ಎಂದಿಟ್ಟುಕೊಳ್ಳಿ. ಆಗ:

ಒಂದು ಹಲ್ಲಿಗೆ ನಿಮಿಷಕ್ಕೆ 300 ಮಿ.ಮೀ.
ಎರಡು ಹಲ್ಲಿಗೆ 600 ಮಿ.ಮೀ.
ನಾಲ್ಕು ಹಲ್ಲಿಗೆ 1,200 ಮಿ.ಮೀ.

ಗಟ್ಟಿ ಮರದಲ್ಲಿ 1,200 ಮಿ.ಮೀ. ವೇಗದಿಂದ ಕಟರನ್ನು ತಳ್ಳುವ ಕಸುವು ಸಣ್ಣ ಯಂತ್ರಕ್ಕೆ ಇರುವುದಿಲ್ಲ. ನಿಧಾನವಾಗಿ ತಳ್ಳಿದರೆ ನಾಲ್ಕು ಹಲ್ಲುಗಳೂ ಕತ್ತರಿಸುವ ಬದಲು ಉಜ್ಜತೊಡಗುತ್ತವೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಅಲಗು ಮೊಂಡು, ಮರದ ಪುಡಿಗೆ ಕಿಡಿ ತಗುಲುವ ಅಪಾಯ ಬೇರೆ. ಆದ್ದರಿಂದ ಮರಕ್ಕೆ ಒಂದು ಅಥವಾ ಎರಡು ಹಲ್ಲು, ಅಕ್ರಿಲಿಕ್ ಮುಂತಾದ ಪ್ಲಾಸ್ಟಿಕ್ಕಿಗೂ ಅಲ್ಯುಮಿನಿಯಮ್ಮಿಗೂ ಒಂದು ಹಲ್ಲು ಸಾಕು. ನಾಲ್ಕು ಹಲ್ಲಿನವು ಉಕ್ಕು ಕತ್ತರಿಸುವ ಭಾರಿ ಯಂತ್ರಗಳಿಗೆ ಸೇರಿದವು.

ಇನ್ನು ತಿರುವು. ಕಟರನ್ನು ಸಾಧಾರಣ ಡ್ರಿಲ್ ಬಿಟ್ಟಿನ ಪಕ್ಕದಲ್ಲಿ, ಎರಡರ ತುದಿಯೂ ಕೆಳಗಾಗಿ ಹಿಡಿಯಿರಿ.

ಅ) ಕಾಲುವೆಗಳು ಡ್ರಿಲ್ಲಿನಂತೆಯೇ ಅದೇ ಕಡೆಗೆ ವಾಲಿದ್ದರೆ ಅದು ಚಕ್ಕೆಯನ್ನು ಮೇಲಕ್ಕೆ ಎತ್ತುವ ಕಟರ್, ಅಪ್ ಕಟ್. ಅಡಿಕೆ, ತೆಂಗಿನ ಗುಂಡಿ ತೋಡುವ ಯಂತ್ರ ಮಣ್ಣನ್ನು ಮೇಲಕ್ಕೆ ತರುವುದಿಲ್ಲವೇ, ಹಾಗೆ. ಗುಳಿ ಚೊಕ್ಕಟವಾಗಿರುತ್ತದೆ, ಆದರೆ ಮೇಲಿನ ಅಂಚಿನಲ್ಲಿ ಮರದ ನಾರು ಎದ್ದು ನಿಲ್ಲುತ್ತದೆ, ತೆಳು ಹಲಗೆಯನ್ನು ಕಟರ್ ಮೇಲಕ್ಕೆ ಎಳೆಯುತ್ತದೆ. ಹಲಗೆಯನ್ನು ಭದ್ರವಾಗಿ ಬಿಗಿದಿರಬೇಕು.

ಆ) ಡ್ರಿಲ್ಲಿಗೆ ವಿರುದ್ಧ ದಿಕ್ಕಿಗೆ ವಾಲಿದ್ದರೆ ಅದು ಚಕ್ಕೆಯನ್ನು ಕೆಳಕ್ಕೆ ಒತ್ತುವ ಕಟರ್, ಡೌನ್ ಕಟ್. ಮೇಲಿನ ಅಂಚು ನುಣುಪಾಗಿ ಬರುತ್ತದೆ. ಆದರೆ ಆಳದ ಗುಳಿಯಲ್ಲಿ ಪುಡಿ ಒತ್ತಿಕೊಂಡು ಬಿಸಿಯಾಗುತ್ತದೆ. ಪದರ ಪದರವಾಗಿ, ತೆಳುವಾಗಿ ಇಳಿಸಬೇಕು.

ಇ) ಕೆಳಭಾಗ ಒಂದು ಕಡೆಗೂ ಮೇಲ್ಭಾಗ ಇನ್ನೊಂದು ಕಡೆಗೂ ವಾಲಿದ್ದರೆ ಅದು ಕಂಪ್ರೆಷನ್ ಕಟರ್. ಎರಡೂ ಮುಖ ಹೊಳಪಿರುವ ಪ್ಲೈವುಡ್ಡಿಗೆ ಒಳ್ಳೆಯದು. ಕೆಳಭಾಗದ ತಿರುವು ಪೂರ್ತಿ ಮುಳುಗುವಷ್ಟು ಆಳಕ್ಕೆ ಹೋದರೆ ಮಾತ್ರ ಇದರ ಗುಣ ಕಾಣುತ್ತದೆ.

ಈ) ತಿರುವಿಲ್ಲದೆ ನೆಟ್ಟಗಿದ್ದರೆ ಅದು ನೇರ ಕಟರ್. ಬಡಗಿಗಳ ರೌಟರಿನಲ್ಲಿ ಬಳಕೆಯಲ್ಲಿರುವುದು ಇದೇ.

4. ಲೋಹ ಯಾವುದು?

ಸಣ್ಣ ಕಟರುಗಳನ್ನು ಮುಖ್ಯವಾಗಿ ಎರಡು ಲೋಹಗಳಿಂದ ಮಾಡುತ್ತಾರೆ. ಒಂದು ಹೈಸ್ಪೀಡ್ ಉಕ್ಕು, ಅಂದರೆ ಎಚ್.ಎಸ್.ಎಸ್. ಇನ್ನೊಂದು ಟಂಗ್‌ಸ್ಟನ್ ಕಾರ್ಬೈಡ್. ಹೈಸ್ಪೀಡ್ ಉಕ್ಕಿನ ಅಲಗುಗಳು 1900 ರ ಪ್ಯಾರಿಸ್ ಪ್ರದರ್ಶನದಲ್ಲಿ ಜನರ ಗಮನ ಸೆಳೆದವು. ಕಾರ್ಬೈಡನ್ನು ಜರ್ಮನಿಯ ಕ್ರುಪ್ ಸಂಸ್ಥೆ 1926 ರಲ್ಲಿ 'ವಿಡಿಯಾ' ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಆ ಭಾಷೆಯಲ್ಲಿ 'ವಜ್ರದಂತೆ' ಎಂಬ ಮಾತಿನಿಂದ ಬಂದ ಹೆಸರು ಅದು. 1964 ರಲ್ಲಿ ವಿಡಿಯಾ ಇಂಡಿಯಾ ಕಂಪನಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಈಗ ಅದರ ಹೆಸರು ಕೆನ್ನಾಮೆಟಲ್ ಇಂಡಿಯಾ. ನಮ್ಮ ಮೆಕ್ಯಾನಿಕ್‌ಗಳೂ ಗಾರೆಯವರೂ ಇಂದಿಗೂ ಕಾರ್ಬೈಡ್ ಎನ್ನದೆ ವಿಡಿಯಾ ಎಂದೇ ಕರೆಯುತ್ತಾರೆ. ಕೊಳವೆಬಾವಿ ಕೊರೆಯುವ ಬಿಟ್ಟಿನ ಮುಖದ ಮೇಲೆ ಬಟನ್ನುಗಳಂತೆ ಕೂರಿಸಿರುವುದೂ ಇದೇ ಲೋಹ. ಬಂಡೆಯನ್ನು ಪುಡಿಮಾಡುವ ಗಟ್ಟಿತನ ಅದಕ್ಕೆ ಇದೆ.

ಎರಡರ ಗುಣಗಳೂ ಬೇರೆ. ಹೈಸ್ಪೀಡ್ ಉಕ್ಕು ತುಸು ಬಾಗುತ್ತದೆ, ಬೇಗ ಮುರಿಯದು. ಆದರೆ ಸುಮಾರು 600 ಡಿಗ್ರಿ ಸೆಂಟಿಗ್ರೇಡ್ ದಾಟಿದರೆ ಗಡಸು ಕಳೆದುಕೊಳ್ಳುತ್ತದೆ. ಕಾರ್ಬೈಡ್ ಅದಕ್ಕಿಂತ ಹೆಚ್ಚಿನ ಬಿಸಿಯಲ್ಲೂ ಗಡಸಾಗಿಯೇ ಉಳಿಯುತ್ತದೆ. ಆದರೆ ಬಾಗುವುದಿಲ್ಲ, ಗಾಜಿನಂತೆ ಚಟ್ಟನೆ ಮುರಿಯುತ್ತದೆ. ಸಾಗುವಾನಿ ಮರದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಹೈಸ್ಪೀಡ್ ಉಕ್ಕಿನ ಅಲಗು ಅದರಲ್ಲಿ ಬೇಗ ಮೊಂಡಾಗುತ್ತದೆ. ಸಾಗುವಾನಿಗೂ, ಅಂಟು ಬೆರೆತ ಪ್ಲೈವುಡ್, ಎಂ.ಡಿ.ಎಫ್. ಹಲಗೆಗಳಿಗೂ ಕಾರ್ಬೈಡೇ ಲೇಸು.

ಗುರುತಿಸುವ ವಿಧಾನಗಳು ಇವು.

ತೂಕ: ಇದು ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ. ಕಾರ್ಬೈಡ್ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಭಾರ. 6 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ ಕಂಬಿ ಉಕ್ಕಿನದಾದರೆ ಸುಮಾರು 11 ಗ್ರಾಂ, ಕಾರ್ಬೈಡಿನದಾದರೆ ಸುಮಾರು 20 ಗ್ರಾಂ ತೂಗುತ್ತದೆ. 3.175 ಮಿ.ಮೀ. ದಪ್ಪ, 38 ಮಿ.ಮೀ. ಉದ್ದದ್ದಾದರೆ ಉಕ್ಕು ಸುಮಾರು ಎರಡೂವರೆ ಗ್ರಾಂ, ಕಾರ್ಬೈಡ್ ನಾಲ್ಕೂಕಾಲು ಗ್ರಾಂ. ಕಾಲುವೆ ತೋಡಿರುವುದರಿಂದ ನಿಜವಾದ ತೂಕ ಇದಕ್ಕಿಂತ ತುಸು ಕಡಿಮೆ ಇರುತ್ತದೆ. ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿದರೆ ಸಂಶಯ ಪರಿಹಾರವಾಗುತ್ತದೆ.

ಗೀರು: ಕಾರ್ಬೈಡ್ ಕಟರಿನ ಹಿಡಿಯ ಅಂಚಿನಿಂದ ಸಾಧಾರಣ ಡ್ರಿಲ್ಲಿನ ಹಿಡಿಯ ಮೇಲೆ ಗೀಚಿದರೆ ಗೀರು ಬೀಳುತ್ತದೆ. ಉಕ್ಕಿನಿಂದ ಕಾರ್ಬೈಡಿನ ಮೇಲೆ ಗೀರು ಬೀಳದು. ಅಲಗಿನಿಂದ ಗೀಚಿ ಅಲಗನ್ನು ಕೆಡಿಸಿಕೊಳ್ಳಬೇಡಿ.

ಬೆಸುಗೆ: ರೌಟರ್ ಬಿಟ್ಟುಗಳಲ್ಲಿ ಹಲವು ಉಕ್ಕಿನ ಮೈಗೆ ಕಾರ್ಬೈಡ್ ಚೂರನ್ನು ಬೆಸೆದು ಮಾಡಿದವು. ಎರಡರ ನಡುವೆ ಹಿತ್ತಾಳೆ ಬಣ್ಣದ ಸಣ್ಣ ಗೆರೆ ಕಾಣುತ್ತದೆ. ಇಂಥವಕ್ಕೆ ತೂಕದ ಪರೀಕ್ಷೆ ಹೊಂದುವುದಿಲ್ಲ. ಇವುಗಳಲ್ಲಿ ದಪ್ಪ ತಲೆಯವನ್ನು ಅತಿವೇಗದಲ್ಲಿ ಸುತ್ತಿಸಬಾರದು. ಹಿಡಿಯ ಮೇಲೆ ಗರಿಷ್ಠ ಸುತ್ತು ಬರೆದಿದ್ದರೆ ಅದನ್ನು ಮೀರಬೇಡಿ.

ಅಯಸ್ಕಾಂತ ಎರಡನ್ನೂ ಎಳೆಯುವುದರಿಂದ ಅದನ್ನೇ ನೆಚ್ಚುವಂತಿಲ್ಲ. ಕಾರ್ಬೈಡನ್ನು ತುಸು ದುರ್ಬಲವಾಗಿ ಎಳೆಯುತ್ತದೆ ಅಷ್ಟೆ. ಬಣ್ಣವನ್ನಂತೂ ನಂಬಲೇಬಾರದು. ಚಿನ್ನದ ಬಣ್ಣ ಟೈಟೇನಿಯಂ ನೈಟ್ರೈಡಿನ ತೆಳು ಲೇಪ. ಅದನ್ನು ಉಕ್ಕಿಗೂ ಕೊಡುತ್ತಾರೆ, ಕಾರ್ಬೈಡಿಗೂ ಕೊಡುತ್ತಾರೆ. ನೇರಳೆ ಮಿಶ್ರಿತ ಕಪ್ಪು ಬಣ್ಣದ್ದು ಅಲ್ಯುಮಿನಿಯಂ ಬೆರೆತ ಲೇಪ. ಉಕ್ಕು ಕತ್ತರಿಸಲು ಮಾಡಿದ್ದು. ಅಲ್ಯುಮಿನಿಯಂ ಹಲಗೆಗೆ ಅದನ್ನು ಬಳಸಿದರೆ ಲೋಹ ಹಲ್ಲಿಗೆ ಅಂಟಿಕೊಳ್ಳುತ್ತದೆ. ಅಲ್ಲಿಗೆ ಲೇಪವಿಲ್ಲದ ಕಟರೇ ವಾಸಿ.

ಹಿಡಿಯ ಮೇಲಿನ ಅಕ್ಷರಗಳನ್ನೂ ಓದಿ. 'ಎಚ್.ಎಸ್.ಎಸ್.', 'ಎಂ 2', 'ಎಂ 35' ಎಂದಿದ್ದರೆ ಹೈಸ್ಪೀಡ್ ಉಕ್ಕು. 'ವಿ.ಎಚ್.ಎಂ.' ಎಂದಿದ್ದರೆ ಪೂರ್ತಿ ಕಾರ್ಬೈಡ್. 'ಎಚ್.ಆರ್.ಸಿ. 45', 'ಎಚ್.ಆರ್.ಸಿ. 55' ಎಂದು ಡಬ್ಬಿಯ ಮೇಲೆ ಬರೆದಿರುವುದು ಕಟರಿನ ಗಡಸುತನವಲ್ಲ. ಅದು ಎಷ್ಟು ಗಡಸಾದ ಉಕ್ಕನ್ನು ಕತ್ತರಿಸಬಲ್ಲದು ಎಂಬುದರ ಸೂಚನೆ.

ಸಾಣೆಕಲ್ಲಿಗೆ ಹಿಡಿದು ಕಿಡಿ ನೋಡುವ ಪದ್ಧತಿ ಕೆಲವರಲ್ಲಿದೆ. ಇದು ಬೇಡ. ಕಾರ್ಬೈಡಿನ ಪುಡಿಯಲ್ಲಿ ಕೋಬಾಲ್ಟ್ ಲೋಹ ಇರುತ್ತದೆ. ಅದನ್ನು ಉಸಿರಾಡುವುದು ಶ್ವಾಸಕೋಶಕ್ಕೆ ಕೆಟ್ಟದ್ದು. ಸಾಧಾರಣ ಬೂದು ಸಾಣೆಕಲ್ಲು ಕಾರ್ಬೈಡನ್ನು ಹರಿತಗೊಳಿಸುವುದೂ ಇಲ್ಲ. ಅದಕ್ಕೆ ಹಸಿರು ಕಲ್ಲು ಅಥವಾ ವಜ್ರದ ಪುಡಿಯ ಚಕ್ರವೇ ಆಗಬೇಕು.

5. ಕತ್ತರಿಸುವ ಅಳತೆ

ಹಿಡಿ 3.175 ಮಿ.ಮೀ. ಇದ್ದ ಮಾತ್ರಕ್ಕೆ ಕಟರ್ 3.175 ಮಿ.ಮೀ. ಅಗಲ ಕತ್ತರಿಸುತ್ತದೆ ಎಂದಲ್ಲ. ಅದೇ ಹಿಡಿಯಲ್ಲಿ 1 ಮಿ.ಮೀ., 2 ಮಿ.ಮೀ. ಅಲಗಿನವೂ ಇರುತ್ತವೆ. ಡಬ್ಬಿಯ ಮೇಲೆ 3.175, 12, 38 ಎಂದು ಮೂರು ಅಂಕಿಗಳಿದ್ದರೆ ಸಾಮಾನ್ಯವಾಗಿ ಮೊದಲನೆಯದು ದಪ್ಪ, ಎರಡನೆಯದು ಅಲಗಿನ ಉದ್ದ, ಮೂರನೆಯದು ಒಟ್ಟು ಉದ್ದ. ಅಲಗಿನ ಉದ್ದಕ್ಕಿಂತ ಆಳಕ್ಕೆ ಕಟರನ್ನು ಇಳಿಸಿದರೆ ಹಿಡಿ ಮರಕ್ಕೆ ಉಜ್ಜಿ ಹೊಗೆಯೇಳುತ್ತದೆ.

ವರ್ನಿಯರಿನ ಉಕ್ಕಿನ ದವಡೆಯಿಂದ ಕಾರ್ಬೈಡ್ ಅಲಗನ್ನು ಬಿಗಿಹಿಡಿದರೆ ಅಂಚು ಚೂರಾಗಬಹುದು. ಮೇಲಾಗಿ ಒಂದು ಅಥವಾ ಮೂರು ಹಲ್ಲಿನ ಕಟರನ್ನು ವರ್ನಿಯರಿನಿಂದ ಸರಿಯಾಗಿ ಅಳೆಯಲು ಬರುವುದಿಲ್ಲ. ಒಂದು ಹಲ್ಲಿನ ಎದುರಿಗೆ ಇನ್ನೊಂದು ಹಲ್ಲು ಇರುವುದಿಲ್ಲವಷ್ಟೆ. ಇದಕ್ಕೆ ಒಳ್ಳೆಯ ಉಪಾಯ, ಬೇಡದ ಹಲಗೆಯಲ್ಲಿ ಒಂದು ನೇರ ಗೆರೆ ಕೊರೆದು ಆ ಗೆರೆಯ ಅಗಲವನ್ನೇ ಅಳೆಯುವುದು. ಕಟರ್ ಓಲಾಡುತ್ತಿದ್ದರೆ ಅದರ ಪರಿಣಾಮವೂ ಈ ಅಳತೆಯಲ್ಲಿ ಸೇರಿ ಬರುತ್ತದೆ. ಗಣಕಯಂತ್ರಕ್ಕೆ ಬರೆಯಬೇಕಾದುದು ಇದೇ ಅಂಕಿ.

'ವಿ' ಕಟರಿನ ಕೋನವನ್ನೂ ಹೀಗೆಯೇ ಕಂಡುಹಿಡಿಯಬಹುದು. ಕೆಲವು ತಯಾರಕರು ಪೂರ್ತಿ ಕೋನವನ್ನು ಬರೆಯುತ್ತಾರೆ, ಕೆಲವರು ಅರ್ಧ ಕೋನವನ್ನು. ಆದ್ದರಿಂದ ನೀವೇ ಪರೀಕ್ಷಿಸುವುದು ಕ್ಷೇಮ. ಹಲಗೆಯ ಮೇಲ್ಮೈಯಿಂದ ಸರಿಯಾಗಿ 3 ಮಿ.ಮೀ. ಆಳಕ್ಕೆ ಗೆರೆ ಕೊರೆಯಿರಿ. ಒಂದೇ ಸಲಕ್ಕೆ ಇಳಿಸದೆ ಪದರಗಳಲ್ಲಿ ಇಳಿಸಿ. ಗೆರೆಯ ಬಾಯಿಯ ಅಗಲ:

6 ಮಿ.ಮೀ. ಇದ್ದರೆ ಪೂರ್ತಿ ಕೋನ 90 ಡಿಗ್ರಿ
ಸುಮಾರು ಮೂರೂವರೆ ಮಿ.ಮೀ. ಇದ್ದರೆ 60 ಡಿಗ್ರಿ
ಸುಮಾರು 1.6 ಮಿ.ಮೀ. ಇದ್ದರೆ 30 ಡಿಗ್ರಿ

ಹರಿತವೋ ಮೊಂಡೋ?

ಗುರುತು ಸಿಕ್ಕ ಮೇಲೂ ಕಟರ್ ಹರಿತವಾಗಿದೆಯೇ ಎಂದು ನೋಡಬೇಕು. ಅಲಗನ್ನು ದೀಪದ ಬೆಳಕಿಗೆ ಹಿಡಿದು ಮೆಲ್ಲನೆ ತಿರುಗಿಸಿ. ಹರಿತವಾದ ಅಂಚು ಬೆಳಕನ್ನು ಹಿಂದಿರುಗಿಸುವುದಿಲ್ಲ. ಮೊಂಡಾದ ಅಂಚು ಬಿಳಿಯ ಸಣ್ಣ ಗೆರೆಯಾಗಿ ಮಿನುಗುತ್ತದೆ. ಕೆಲಸ ಮಾಡುವಾಗಲೂ ಗಮನಿಸಿ: ಹರಿತವಾದ ಕಟರ್ ಚಕ್ಕೆ ಕೀಳುತ್ತದೆ, ಮೊಂಡಾದದ್ದು ಹಿಟ್ಟಿನಂಥ ಪುಡಿ ಮಾಡುತ್ತದೆ. ಸದ್ದು ಕರ್ಕಶವಾದರೆ, ಸುಟ್ಟ ವಾಸನೆ ಬಂದರೆ, ಗೆರೆಯ ಅಂಚು ಕಪ್ಪಾದರೆ ಕೂಡಲೇ ಯಂತ್ರ ನಿಲ್ಲಿಸಿ. ಸಣ್ಣ ಕಟರುಗಳನ್ನು ಮನೆಯಲ್ಲಿ ಸಾಣೆ ಹಿಡಿಯುವ ಸಾಹಸ ಮಾಡದೆ ಹೊಸದನ್ನು ಹಾಕುವುದೇ ಲಾಭ. ಒಂದು ಕಟರ್ ಉಳಿಸಹೋಗಿ ಸಾಗುವಾನಿ ಹಲಗೆ ಕಳೆದುಕೊಳ್ಳಬಾರದು.

ಉಕ್ಕು ಕತ್ತರಿಸಬಹುದೇ?

ನೇಗಿಲಿನ ಕುಳ, ಕುಂಟೆಯ ಅಲಗುಗಳನ್ನು ಇದರಲ್ಲೇ ಮಾಡಬಹುದೇ ಎಂದು ಕೆಲವರು ಕೇಳುತ್ತಾರೆ. ಲೆಕ್ಕ ನೋಡಿ. 3 ಮಿ.ಮೀ. ಕಟರ್ ನಿಮಿಷಕ್ಕೆ 10,000 ಸುತ್ತು ಸುತ್ತಿದರೆ ಅದರ ಅಲಗು ನಿಮಿಷಕ್ಕೆ ಸುಮಾರು 94 ಮೀಟರ್ ಓಡುತ್ತದೆ. ಹೈಸ್ಪೀಡ್ ಉಕ್ಕಿನ ಅಲಗು ಮೆದು ಕಬ್ಬಿಣದಲ್ಲಿ ನಿಮಿಷಕ್ಕೆ ಸುಮಾರು 25 ರಿಂದ 30 ಮೀಟರ್ ಓಡಬಹುದು, ಅಷ್ಟೇ. ಮೂರರಷ್ಟು ವೇಗದಲ್ಲಿ ಓಡಿಸಿದರೆ ಅಲಗು ಸುಟ್ಟುಹೋಗುತ್ತದೆ. ಕಾರ್ಬೈಡ್ ಆ ವೇಗವನ್ನು ತಾಳಿದರೂ ಸಣ್ಣ ಯಂತ್ರದ ಚೌಕಟ್ಟು ಅದುರುವುದರಿಂದ ಗಾಜಿನಂತೆ ಮುರಿಯುತ್ತದೆ. ಕಬ್ಬಿಣದ ಕೆಲಸವನ್ನು ಕುಲುಮೆಗೂ ಲೇತಿನವರಿಗೂ ಬಿಡುವುದು ವಿವೇಕ.

ಕಣ್ಣಿನ ಕಾಪು

ಕಾರ್ಬೈಡ್ ಮುರಿದಾಗ ಚೂರು ಯಾವ ಕಡೆಗೆ ಹಾರುವುದೆಂದು ಹೇಳಲಾಗದು. ಕನ್ನಡಕ ಧರಿಸದೆ ಯಂತ್ರದ ಹತ್ತಿರ ಬಗ್ಗಬೇಡಿ, ಮಕ್ಕಳನ್ನು ಬಗ್ಗಗೊಡಬೇಡಿ. ಹೆಗಲ ಮೇಲಿನ ಟವೆಲ್, ಸಡಿಲ ತೋಳು, ಕೈಗವಸು ಇವು ಸುತ್ತುವ ಕಟರಿಗೆ ಸಿಕ್ಕಿಕೊಳ್ಳುವ ವಸ್ತುಗಳು. ಮರದ ಪುಡಿ, ಅದರಲ್ಲೂ ಎಂ.ಡಿ.ಎಫ್. ಪುಡಿ, ಉಸಿರಿಗೆ ಹಾನಿಕರ. ಮೂಗು ಬಾಯಿಗೆ ಧೂಳು ತಡೆಯುವ ಮುಖಗವಸು ಇರಲಿ. ಯಂತ್ರ ನಡೆಯುತ್ತಿರುವಾಗ ಅದನ್ನು ಬಿಟ್ಟು ಹಾಲು ಕರೆಯಲು, ನೀರು ಕಟ್ಟಲು ಹೋಗಬೇಡಿ. ಮೊಂಡ ಕಟರ್ ಹೊತ್ತಿಸಿದ ಕಿಡಿ ಹುಲ್ಲಿನ ಬಣವೆಯ ಪಕ್ಕದ ಕೊಟ್ಟಿಗೆಯಲ್ಲಿ ಏನು ಮಾಡಬಲ್ಲದೆಂದು ಹೇಳಬೇಕಾಗಿಲ್ಲ. ಒಂದು ಬಕೆಟ್ ಮರಳು ಹತ್ತಿರವಿರಲಿ.

ಬೆರೆಸದೆ ಇಡಿ

ಬೀಜವನ್ನು ತಳಿವಾರು ಬೇರೆ ಬೇರೆ ಚೀಲದಲ್ಲಿ ಕಟ್ಟಿ ಚೀಟಿ ಹಾಕುವುದು ನಿಮಗೆ ರೂಢಿ. ಕಟರುಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಒಂದು ಮರದ ದಿಮ್ಮಿಯಲ್ಲಿ ಹಿಡಿಯ ಅಳತೆಗಿಂತ ತುಸು ದೊಡ್ಡದಾದ ತೂತುಗಳನ್ನು ಸಾಲಾಗಿ ಕೊರೆದು, ಅಲಗು ಮೇಲಾಗಿ ಒಂದೊಂದನ್ನೂ ನಿಲ್ಲಿಸಿ. ಒಂದು ಅಲಗು ಇನ್ನೊಂದಕ್ಕೆ ತಾಕಬಾರದು. ಪ್ರತಿ ತೂತಿನ ಮುಂದೆ ಹಿಡಿಯ ದಪ್ಪ, ತುದಿಯ ಆಕಾರ, ಹಲ್ಲು, ಲೋಹ, ಕತ್ತರಿಸುವ ಅಳತೆ, ಈ ಐದನ್ನೂ ಬರೆದಿಡಿ. ಡ್ರಿಲ್‌ಗಳಿಗೆ ಬೇರೆಯೇ ದಿಮ್ಮಿ ಮಾಡಿ. ಗುರುತು ಸಿಗದ ಕಟರನ್ನು ಇವುಗಳ ಜೊತೆ ನಿಲ್ಲಿಸಬೇಡಿ.

ಹೊಸದಾಗಿ ಪ್ರಾರಂಭಿಸುವವರು ಹತ್ತಾರು ಕಟರುಗಳನ್ನು ಕೊಳ್ಳಬೇಕಾಗಿಲ್ಲ. ಎರಡು ಹಲ್ಲಿನ ಚಪ್ಪಟೆ ತುದಿಯ ಕಾರ್ಬೈಡ್ ಅಪ್ ಕಟ್ ಒಂದು, ಡೌನ್ ಕಟ್ ಒಂದು, ಪ್ಲಾಸ್ಟಿಕ್ಕಿಗೆ ಒಂದು ಹಲ್ಲಿನದು ಒಂದು, ಉಬ್ಬುಕೆತ್ತನೆಗೆ ಗುಂಡು ತುದಿಯದು ಒಂದು, ಅಕ್ಷರಕ್ಕೆ 60 ಡಿಗ್ರಿಯ 'ವಿ' ಒಂದು. ಈ ಐದರಿಂದ ಮೇಲೆ ಹೇಳಿದ ಕೆಲಸಗಳನ್ನೆಲ್ಲ ಮಾಡಬಹುದು. ಮುರಿಯುವುದು ಇದ್ದದ್ದೇ ಆದ್ದರಿಂದ ಒಂದೊಂದರಲ್ಲಿ ಎರಡೆರಡು ಇಟ್ಟುಕೊಳ್ಳಿ.

ಕುಡುಗೋಲನ್ನು ನೋಡಿದೊಡನೆ ಅದು ಎಂಥದೆಂದು ಹೇಳುವ ಕಣ್ಣು ನಿಮಗೆ ಈಗಾಗಲೇ ಇದೆ. ಈ ಚಿಕ್ಕ ಅಲಗುಗಳಿಗೂ ಅದೇ ಕಣ್ಣು ಸಾಕು, ಅದರ ಜೊತೆಗೆ ಒಂದು ವರ್ನಿಯರ್ ಇದ್ದರೆ ಆಯಿತು. ಇಂದೇ ನಿಮ್ಮ ಡಬ್ಬಿಯನ್ನು ಒಂದು ಬಿಳಿ ಬಟ್ಟೆಯ ಮೇಲೆ ಸುರಿದು ಐದು ಪ್ರಶ್ನೆಗಳನ್ನು ಕೇಳಿ ನೋಡಿ. ಉತ್ತರ ಹೇಳಿದ ಕಟರುಗಳು ದಿಮ್ಮಿಗೆ, ಹೇಳದವು ಗುಜರಿಗೆ.